ಸಂಜೆಯಾದರೆ ಕುಂಟುವ ಮೌಸ್

"ಲೋ, ಈ ಮೌಸ್ ಮತ್ತೆ ಶುರು ಮಾಡ್ಕೊಂಡ್ತು ನೋಡೋ. ಬೆಳಿಗ್ಗೆ ಚೆನ್ನಾಗೇ ಇತ್ತು. ಈಗ ಬಲಕ್ಕೆ ಎಳೆದ್ರೆ ಒಂದು ಗಳಿಗೆ ಸುಮ್ನೆ ನಿಲ್ಲುತ್ತೆ, ಆಮೇಲೆ ಒಂದೇ ಸಲ ಜಿಗಿಯುತ್ತೆ."

ಶಿವಮೊಗ್ಗದಿಂದ ಚಿಕ್ಕಪ್ಪನ ಫೋನು. ಮೊದಲನೇ ಮೌಸ್ ಕೆಟ್ಟಿದೆ ಅಂತ ಮೇಜಿನ ಡ್ರಾಯರಿಗೆ ಹಾಕಿ, ಎರಡನೆಯದು ತಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಅಂಗಡಿಯವನನ್ನು ಕೇಳಿದರೆ "ವೈರ್‌ಲೆಸ್ ಅಂದ್ರೆ ಹಾಗೇ ಸಾರ್, ಒಂದೊಂದು ಪೀಸು ಒಂದೊಂದು ಥರ" ಅಂದನಂತೆ.

ನನಗೆ ಅನುಮಾನ ಬಂದಿದ್ದು ಅಲ್ಲೇ. ಬೇರೆ ಬೇರೆ ಕಂಪನಿಯ ಎರಡು ಮೌಸ್ ಒಂದೇ ಮೇಜಿನ ಮೇಲೆ ಒಂದೇ ಥರ ಕುಂಟಿದರೆ, ನೋಡಬೇಕಾದ್ದು ಮೇಜನ್ನು. ಅದೂ ದಿನಾ ಬೆಳಿಗ್ಗೆ ಸರಿ ಇದ್ದು ದಿನಾ ಸಂಜೆ ಕೈಕೊಡುತ್ತದೆ ಅಂದರೆ, ಸಂಜೆ ಅಲ್ಲಿ ಏನೋ ಬದಲಾಗುತ್ತಿದೆ. ಕೆಟ್ಟ ಯಂತ್ರಕ್ಕೆ ಹೊತ್ತು ಗೊತ್ತು ಇರುವುದಿಲ್ಲ.

ಆ "ಏನೋ" ಪತ್ತೆಯಾಗಲು ಎರಡು ದಿನ, ಐದಾರು ಫೋನು ಬೇಕಾಯಿತು. ಸುಮಾರು ಮನೆಗಳಲ್ಲಿ ಇದೇ ತೊಂದರೆ ಇರುತ್ತದೆ, ಸುಮಾರು ಜನ ಚಿಕ್ಕಪ್ಪನ ಹಾಗೇ ಮೌಸ್ ಮೇಲೆ ಮೌಸ್ ಕೊಳ್ಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಈ ಪ್ರಾಣಿಯ ಒಳಗೆ ಏನಿದೆ ಅಂತ ಒಂದು ಸಲ ನೋಡಿಬಿಡೋಣ. ಮೌಸಿನ ಹೊಟ್ಟೆಯ ಕೆಳಗೆ ಒಂದು ಕಣ್ಣಿದೆ. ಅದು ಮೇಜನ್ನು ನೋಡುತ್ತದೆ. ಒಳಗೆ ಒಂದು ಪುಟ್ಟ ರೇಡಿಯೋ ಇದೆ. ಕಣ್ಣು ಕಂಡದ್ದನ್ನು ಅದು ಗಾಳಿಯಲ್ಲಿ ಕೂಗಿ ಹೇಳುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದ ಉಗುರಿನಷ್ಟು ದೊಡ್ಡ ರಿಸೀವರ್ ಅದನ್ನು ಕೇಳಿಸಿಕೊಳ್ಳುತ್ತದೆ. ಇಷ್ಟಕ್ಕೂ ಊಟ ಹಾಕುವುದು ಒಂದೋ ಎರಡೋ ಪೆನ್ಸಿಲ್ ಸೆಲ್. ವೈರ್ ಇದ್ದ ಕಾಲದಲ್ಲಿ ಆ ವೈರೇ ಬಾಲದ ಹಾಗೆ ಕಾಣುತ್ತಿತ್ತು, ಅದಕ್ಕೇ ಇಲಿ ಅಂತ ಹೆಸರು ಬಿದ್ದಿದ್ದು. ಊಟ, ಮಾತು ಎರಡೂ ಆ ಬಾಲದಲ್ಲೇ ಹೋಗುತ್ತಿದ್ದವು. ಬಾಲ ಕತ್ತರಿಸಿದ ಮೇಲೆ ಎರಡಕ್ಕೂ ಬೇರೆ ದಾರಿ ಮಾಡಬೇಕಾಯಿತು. ನಮ್ಮ ಗೋಳಿನ ಮುಕ್ಕಾಲು ಪಾಲು ಈ ಎರಡು ಹೊಸ ದಾರಿಗಳದ್ದು.

"ಮೌಸ್ ಸರಿಯಿಲ್ಲ" ಅನ್ನುವುದು "ಮೈಗೆ ಹುಷಾರಿಲ್ಲ" ಅಂದಷ್ಟೇ ಆಯಿತು. ಡಾಕ್ಟರು ಮುಂದೆ ಏನು ಕೇಳುತ್ತಾರೆ? ಎಲ್ಲಿ ನೋವು, ಯಾವಾಗ ಶುರುವಾಗುತ್ತದೆ, ಹೇಗೆ ನೋಯುತ್ತದೆ. ಇಲ್ಲೂ ಹಾಗೇ. ಮೌಸನ್ನು ಮುಟ್ಟದೆ ಇದ್ದಾಗಲೂ ಕರ್ಸರ್ ನಿಂತಲ್ಲೇ ನಡುಗುತ್ತಿದ್ದರೆ ಕಣ್ಣಿನ ತೊಂದರೆ. ಎಳೆದಾಗ ತಡೆದು ತಡೆದು ಜಿಗಿದರೆ ರೇಡಿಯೋ ಮೇಲೆ ಅನುಮಾನ ಪಡಬಹುದು. ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಏಳಲು ತಡಮಾಡಿದರೆ ಸೆಲ್ಲು ನೋಡಿ, ಇಲ್ಲವೇ ಕಂಪ್ಯೂಟರಿನ ಕರೆಂಟು ಉಳಿಸುವ ಬುದ್ಧಿಯನ್ನು ನೋಡಿ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾದರೆ ಅದು ಬಟನ್ನಿನ ಕಾಯಿಲೆ. ಅದಕ್ಕೂ ವೈರ್‌ಲೆಸ್‌ಗೂ ಸಂಬಂಧವಿಲ್ಲ.

ಇಷ್ಟು ಹೇಳಿ ಚಿಕ್ಕಪ್ಪನ ಮೇಜು ಹೇಗಿದೆ ಅಂತ ನೆನಪು ಮಾಡಿಕೊಂಡೆ. ತೇಗದ ಹಳೇ ಮೇಜು, ಮೇಲೆ ದಪ್ಪ ಗಾಜು. ಗಾಜಿನ ಕೆಳಗೆ ಧರ್ಮಸ್ಥಳಕ್ಕೆ ಹೋದಾಗ ತೆಗೆಸಿದ ಫೋಟೋ, ಒಂದು ವಿಸಿಟಿಂಗ್ ಕಾರ್ಡು, ಯಾವುದೋ ವರ್ಷದ ಕ್ಯಾಲೆಂಡರಿನ ಹಾಳೆ. ನಮ್ಮಲ್ಲಿ ಇಂಥ ಮೇಜಿಲ್ಲದ ಮನೆ ಕಡಿಮೆ. ಮೌಸಿಗೆ ಇದಕ್ಕಿಂತ ಕೆಟ್ಟ ನೆಲ ಇನ್ನೊಂದಿಲ್ಲ.

ಯಾಕೆ ಅಂತೀರಾ? ಆ ಕಣ್ಣು ನಿಜಕ್ಕೂ ಒಂದು ಕ್ಯಾಮೆರಾ. ಪಕ್ಕದಿಂದ ಬೆಳಕು ಬಿಟ್ಟು, ಮೇಜಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆಯುತ್ತಲೇ ಇರುತ್ತದೆ. ದೊಡ್ಡ ಚಿತ್ರವೇನಲ್ಲ, ಅಡ್ಡಕ್ಕೆ ಹದಿನೈದರಿಂದ ಮೂವತ್ತು ಚುಕ್ಕೆ, ಉದ್ದಕ್ಕೂ ಅಷ್ಟೇ. ಹಿಂದಿನ ಚಿತ್ರದಲ್ಲಿದ್ದ ಗೀರು ಈ ಚಿತ್ರದಲ್ಲಿ ಎರಡು ಚುಕ್ಕೆ ಎಡಕ್ಕೆ ಸರಿದಿದ್ದರೆ, ಮೌಸ್ ಬಲಕ್ಕೆ ಹೋಗಿದೆ ಅಂತ ಲೆಕ್ಕ. ರೈಲಿನ ಕಿಟಕಿಯಲ್ಲಿ ಮರ ಹಿಂದಕ್ಕೆ ಓಡಿದರೆ ನಾವು ಮುಂದೆ ಹೋಗುತ್ತಿದ್ದೇವೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಕಾಗದ, ಬಟ್ಟೆ, ಪಾಲಿಶ್ ಇಲ್ಲದ ಮರ, ಯಾವುದೇ ಆದರೂ ಹತ್ತಿರದಿಂದ ನೋಡಿದರೆ ಸಾವಿರ ಗೀರು, ಎಳೆ, ಗುಂಡಿ ಇರುತ್ತವೆ. ಒರೆಸಿಟ್ಟ ಗಾಜಿನಲ್ಲಿ ಗುರುತು ಹಿಡಿಯಲು ಏನೂ ಇಲ್ಲ. ಬೆಳಕು ಗಾಜಿನೊಳಗೆ ಇಳಿದುಹೋಗುತ್ತದೆ, ಕೆಳಗಿನ ಫೋಟೋ ಕಣ್ಣಿಗೆ ಮಸುಕು ಮಸುಕು. ರಾತ್ರಿ ರೈಲಿನಲ್ಲಿ ಕಿಟಕಿಯಾಚೆ ಬರೀ ಕತ್ತಲಿದ್ದರೆ ಓಡುತ್ತಿದ್ದೇವೋ ನಿಂತಿದ್ದೇವೋ ತಿಳಿಯದ ಹಾಗೆ.

ಈಗಿನವರಿಗೆ ಗೊತ್ತಿಲ್ಲದಿರಬಹುದು, ಮುಂಚೆ ಮೌಸಿನೊಳಗೆ ರಬ್ಬರಿನ ಗುಂಡು ಇರುತ್ತಿತ್ತು. ಸೈಬರ್ ಕೆಫೆಯಲ್ಲಿ ಕೂತು, ಆ ಗುಂಡು ತೆಗೆದು, ಒಳಗಿನ ರೋಲರಿಗೆ ಅಂಟಿದ ಕೊಳೆಯನ್ನು ಉಗುರಿನಲ್ಲಿ ಕೆರೆದವರಿಗೆ ಆ ಸುಖ ಗೊತ್ತು. ಕ್ಯಾಮೆರಾ ಕಣ್ಣಿನ ಮೌಸ್ ಮನೆಮನೆಗೆ ಬರಲು ಶುರುವಾಗಿದ್ದು 1999ರಲ್ಲಿ ಮೈಕ್ರೋಸಾಫ್ಟ್ ಅಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ. ಅದಕ್ಕೂ ಹಿಂದಿನ ಆಪ್ಟಿಕಲ್ ಮೌಸ್‌ಗಳಿಗೆ ಗೆರೆ ಹಾಕಿದ ಬೇರೆಯದೇ ಪ್ಯಾಡ್ ಬೇಕಿತ್ತು.

"ಮೌಸ್ ಕೆಳಗೆ ಒಂದು ಲಾಂಗ್ ಬುಕ್ ಇಡಿ ಚಿಕ್ಕಪ್ಪ" ಅಂದೆ. ಗಾಜಿನ ಮೇಲಿದ್ದಾಗ ಕಾಣುತ್ತಿದ್ದ ಸಣ್ಣ ನಡುಕ ಅಲ್ಲಿಗೆ ನಿಂತಿತು. ಲಾಂಗ್ ಬುಕ್ಕೇ ಯಾಕೆ ಅಂದರೆ ಅದರ ರಟ್ಟಿಗೆ ಹೊಳಪಿಲ್ಲ. ಅವರು ಮೊದಲು ಇಟ್ಟಿದ್ದು ಒಂದು ಮದುವೆ ಕಾಗದ, ಅದರ ತುಂಬ ಬಂಗಾರದ ಬಣ್ಣದ ಗಣಪತಿ. ಆ ಹೊಳಪು ಗಾಜಿನಷ್ಟೇ ಕಾಟ ಕೊಡುತ್ತದೆ. ಮೌಸನ್ನು ತಿರುಗಿಸಿ ಕಣ್ಣಿನ ಗುಂಡಿಯಲ್ಲಿ ಕೂದಲು ಸಿಕ್ಕಿದೆಯಾ ನೋಡುವುದೂ ಒಳ್ಳೆಯದು. ಒಂದೇ ಒಂದು ಎಳೆ ಸಾಕು ಕರ್ಸರ್ ಕುಣಿಯಲು. ಇನ್ನೊಂದು ವಿಷಯ: ಈಗಿನ ತುಂಬಾ ಮೌಸ್‌ಗಳಲ್ಲಿ ಕೆಂಪು ದೀಪ ಕಾಣುವುದಿಲ್ಲ. ಬೆಳಕಿಲ್ಲ, ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ಟಿವಿ ರಿಮೋಟಿನ ಹಾಗೆ ಅದು ನಮ್ಮ ಕಣ್ಣಿಗೆ ಬೀಳದ ಇನ್‌ಫ್ರಾರೆಡ್ ಬೆಳಕು. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಎಷ್ಟೋ ಸಲ ನೇರಳೆಯಾಗಿ ಕಾಣುತ್ತದೆ.

ನಡುಕ ನಿಂತಿತು, ಸರಿ. ಸಂಜೆ ಮತ್ತೆ ಫೋನು. "ಕುಂಟೋದು ಹಾಗೇ ಇದೆ ಕಣೋ."

ಮುಂದಿನ ಅನುಮಾನ ಸೆಲ್ಲಿನ ಮೇಲೆ. ಹೊಸದೇ ಹಾಕಿದ್ದೇನೆ ಅಂದರು. ಎಂಥದ್ದು ಅಂದೆ. ಗೋಡೆ ಗಡಿಯಾರಕ್ಕೆ ತಂದಿದ್ದರಲ್ಲಿ ಮಿಕ್ಕಿದ್ದಂತೆ. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹೆಚ್ಚಾಗಿ ಜಿಂಕ್ ಕಾರ್ಬನ್‌ನದ್ದು. ಸ್ವಲ್ಪ ಸ್ವಲ್ಪವೇ ಕರೆಂಟು ಎಳೆಯುವ ಕೆಲಸಕ್ಕೆ ಅದು ಸಾಕು. ಮೌಸ್ ಹಾಗಲ್ಲ, ಮಲಗಿದ್ದಾಗ ಹೆಚ್ಚೇನೂ ತಿನ್ನುವುದಿಲ್ಲ, ಎದ್ದು ಕೂಗುವಾಗ ಒಂದೇ ಸಲಕ್ಕೆ ಜಾಸ್ತಿ ಕೇಳುತ್ತದೆ. ಆಗ ಬಳಲಿದ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ರೇಡಿಯೋ ತೊದಲುತ್ತದೆ. ಆಲ್ಕಲೈನ್ ಅಂತ ಬರೆದಿರುವ ಸೆಲ್ ಇದಕ್ಕೆ ವಾಸಿ. ಹೊಸತರಲ್ಲಿ 1.5 ವೋಲ್ಟ್ ಇರುತ್ತದೆ, ಬಳಸಿದ ಹಾಗೆ ನಿಧಾನವಾಗಿ ಇಳಿಯುತ್ತದೆ. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದ್ದು, ಅದೂ ನಡೆಯುತ್ತದೆ. ಆದರೆ ಮೌಸಿನ ಬ್ಯಾಟರಿ ದೀಪ ಅದನ್ನು ನೋಡಿ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಅನ್ನಬಹುದು.

ನಮ್ಮ ಒಂದು ಹಳೇ ವಿದ್ಯೆ ಇದೆ. ಸೆಲ್ ಮುಗಿದರೆ ತೆಗೆದು ಬಿಸಿಲಿಗಿಟ್ಟು ಮತ್ತೆ ಹಾಕುವುದು. ಸುಳ್ಳೇನಲ್ಲ, ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಒಂಚೂರು ಚುರುಕಾಗಿ ಇನ್ನೊಂದಿಷ್ಟು ಹೊತ್ತು ಓಡುತ್ತದೆ. ರೇಡಿಯೋದಲ್ಲಿ ವಾರ್ತೆ ಮುಗಿಯುವ ತನಕ ಓಡಿದರೆ ಸಾಕಿದ್ದ ಕಾಲಕ್ಕೆ ಅದು ಸರಿ. ಮೌಸಿನ ಕಾಯಿಲೆ ಹುಡುಕುವಾಗ ಮಾತ್ರ ಬೇಡ. ಹತ್ತು ನಿಮಿಷ ಸರಿಯಾಗಿ ಓಡಿ, ಏನು ಮಾಡಿದ್ದಕ್ಕೆ ಸರಿಯಾಯಿತು ಅನ್ನುವ ಲೆಕ್ಕವೇ ತಪ್ಪಿಹೋಗುತ್ತದೆ.

ಸೆಲ್ ಕೂರುವ ಜಾಗದ ಸ್ಪ್ರಿಂಗನ್ನೂ ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನಿಂದ ಹಿಡಿದು ಬಾಗಿಲಿನವರೆಗೆ ಎಲ್ಲವೂ ಒದ್ದೆ. ಸ್ಪ್ರಿಂಗು ಮಂಕಾಗುವುದು ದೊಡ್ಡ ಮಾತಲ್ಲ. ಬಿಳಿ ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಬರಿಗೈಯಲ್ಲಿ ಮುಟ್ಟಬೇಡಿ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಒಂದು ಹನಿ ನಿಂಬೆರಸದಲ್ಲಿ ಅದ್ದಿ ಒರೆಸಿ, ಆಮೇಲೆ ಒಣ ಕಡ್ಡಿಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಸೆಲ್ ತೆಗೆದಿಟ್ಟು ಹೋದರೆ ಈ ಕೆಲಸವೇ ಬರುವುದಿಲ್ಲ.

ಚಿಕ್ಕಪ್ಪ ಆಲ್ಕಲೈನ್ ತಂದು ಹಾಕಿದರು. ಸಂಜೆ ಆರಕ್ಕೆ ಮತ್ತೆ ಅದೇ ಕತೆ.

ಇಲ್ಲಿಂದ ಮುಂದೆ ಸ್ವಲ್ಪ ಗಾಳಿಯ ಮಾತಾಡಬೇಕು.

ವೈರ್‌ಲೆಸ್ ಮೌಸ್ ಕೂಗುವುದು 2.4 ಗಿಗಾಹರ್ಟ್ಸ್ ಸುತ್ತಮುತ್ತ, ಅಂದರೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಏರಿಳಿಯುವ ರೇಡಿಯೋ ಅಲೆಗಳ ಪಟ್ಟಿಯಲ್ಲಿ (2400ರಿಂದ 2483.5 ಮೆಗಾಹರ್ಟ್ಸ್). ರೇಡಿಯೋ ಪಟ್ಟಿಗಳಲ್ಲಿ ಹೆಚ್ಚಿನವಕ್ಕೆ ಸರ್ಕಾರದ ಲೈಸೆನ್ಸ್ ಬೇಕು. ಇದು ಊರ ಗೋಮಾಳದ ಹಾಗೆ, ಕಡಿಮೆ ಶಕ್ತಿಯ ಯಂತ್ರ ಯಾರು ಬೇಕಾದರೂ ತಂದು ಮೇಯಿಸಬಹುದು. ಭಾರತದಲ್ಲಿ ಈ ಪಟ್ಟಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟ ನಿಯಮ ಬಂದಿದ್ದು 2005ರಲ್ಲಿ. ಪುಕ್ಕಟೆ ಜಾಗ ಅಂದ ಮೇಲೆ ಕೇಳಬೇಕೆ? ವೈಫೈ ಅಲ್ಲೇ, ಬ್ಲೂಟೂತ್ ಇಯರ್‌ಫೋನ್ ಅಲ್ಲೇ, ಗೇಟಿನ ವೈಫೈ ಕ್ಯಾಮೆರಾ ಅಲ್ಲೇ. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ 2.45 ಗಿಗಾಹರ್ಟ್ಸ್‌ನ ಅಲೆಯಲ್ಲೇ. ಅದರ ಬಾಗಿಲಿನಿಂದ ಚೂರುಪಾರು ಸೋರಿದರೂ ಪಕ್ಕದಲ್ಲಿರುವ ಮೌಸಿಗೆ ಗಲಾಟೆ. ಚಿಕ್ಕಮ್ಮ ಆ ಒಲೆಯನ್ನು ಮನೆಯೊಳಗೇ ಬಿಟ್ಟಿಲ್ಲ, ಹಾಗಾಗಿ ಅನುಮಾನದ ಪಟ್ಟಿಯಿಂದ ಅದನ್ನು ಮೊದಲೇ ಬಿಟ್ಟೆ.

ಇಷ್ಟೆಲ್ಲ ಗಲಾಟೆಯಲ್ಲಿ ಮೌಸಿನ ದನಿ ಎಷ್ಟು? ಸುಮಾರು ಒಂದು ಮಿಲಿವ್ಯಾಟ್. ಮನೆಯ ವೈಫೈ ರೂಟರ್ ಅದರ ನೂರರಷ್ಟು ಜೋರಾಗಿ ಮಾತಾಡಬಲ್ಲದು. ಆದರೂ ಮೌಸ್ ಓಡುತ್ತದೆ, ಅದೇ ಆಶ್ಚರ್ಯ. ಶಿವಮೊಗ್ಗ ಬಸ್‌ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. "ಸಾಗರ ಸಾಗರ ಸಾಗರ", "ತೀರ್ಥಳ್ಳಿ ತೀರ್ಥಳ್ಳಿ", "ಭದ್ರಾವತಿ ಭದ್ರಾವತಿ". ಹತ್ತು ಕಂಡಕ್ಟರುಗಳು ಒಟ್ಟಿಗೇ ಕೂಗುತ್ತಿದ್ದರೂ ಸಾಗರಕ್ಕೆ ಹೋಗುವವನಿಗೆ ಸಾಗರ ಕೇಳಿಸುತ್ತದೆ. ಯಾಕೆಂದರೆ ಮಾತು ಚಿಕ್ಕದು, ಮತ್ತೆ ಮತ್ತೆ ಹೇಳುತ್ತಾರೆ, ಒಂದು ಕಡೆ ಗದ್ದಲ ಜಾಸ್ತಿಯಾದರೆ ನಾಲ್ಕು ಹೆಜ್ಜೆ ಸರಿದು ಕೂಗುತ್ತಾರೆ. ಮೌಸ್ ಮಾಡುವುದೂ ಇದನ್ನೇ. "ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ" ಎಂಬ ಪುಟ್ಟ ಸುದ್ದಿಯನ್ನು ತನ್ನ ಗುರುತಿನ ಸಂಖ್ಯೆ ಸೇರಿಸಿ ಕಳಿಸುತ್ತದೆ. ರಿಸೀವರ್ "ಸಿಕ್ಕಿತು" ಅನ್ನದಿದ್ದರೆ ಮತ್ತೆ ಕಳಿಸುತ್ತದೆ. ಆ ಜಾಗದಲ್ಲಿ ಗಲಾಟೆ ಇದ್ದರೆ ಪಟ್ಟಿಯ ಬೇರೆ ಜಾಗಕ್ಕೆ ಹಾರುತ್ತದೆ. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ ಸುದ್ದಿ ಮುಟ್ಟಿಸುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಂದು. ಒಂದೆರಡು ಕಳೆದುಹೋದರೆ ನಮ್ಮ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಸಾಲಾಗಿ ಹತ್ತಿಪ್ಪತ್ತು ಕಳೆದರೆ ಕರ್ಸರ್ ನಿಂತು, ಆಮೇಲೆ ಒಮ್ಮೆಗೇ ಜಿಗಿಯುತ್ತದೆ. ಚಿಕ್ಕಪ್ಪ ಹೇಳುತ್ತಿದ್ದುದು ಇದನ್ನೇ.

ಇದೇ ಕಾರಣಕ್ಕೆ ಪಕ್ಕದ ಮನೆಯವರ ಮೌಸ್ ನಮ್ಮ ಕರ್ಸರನ್ನು ಅಲ್ಲಾಡಿಸುವುದಿಲ್ಲ. ರಿಸೀವರ್ ತನ್ನ ಜೋಡಿಯ ಮಾತನ್ನು ಬಿಟ್ಟು ಬೇರೆಯದಕ್ಕೆ ಕಿವಿ ಕೊಡುವುದಿಲ್ಲ. ರಿಸೀವರ್ ಕಳೆದುಕೊಂಡರೆ ಎಷ್ಟೋ ಮೌಸ್‌ಗಳು ಬರೀ ಪೇಪರ್‌ವೇಟ್ ಆಗುವುದೂ ಅದಕ್ಕೇ.

ಹಾಗಾದರೆ ಸಾಲಾಗಿ ಸುದ್ದಿ ಕಳೆದುಹೋಗುವಷ್ಟು ಗಲಾಟೆ ಮಾಡುತ್ತಿರುವವರು ಯಾರು? ನಾನು ಮೊದಲು ರೂಟರನ್ನೇ ಹಿಡಿದೆ. ಅದು ಪಡಸಾಲೆಯಲ್ಲಿ, ಎರಡು ಗೋಡೆ ಆಚೆ. ಆಫ್ ಮಾಡಿಸಿದೆ. ಮೌಸ್ ಕುಂಟುವುದು ನಿಲ್ಲಲಿಲ್ಲ. ಆಗ ಹೊಳೆದದ್ದು, ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

"ಚಿಕ್ಕಪ್ಪ, ಸಂಜೆ ಹೊತ್ತು ಕಂಪ್ಯೂಟರಲ್ಲಿ ಏನು ಮಾಡ್ತೀರಿ ನೀವು?"

"ಬೆಳಿಗ್ಗೆ ಪೇಪರ್ ಓದ್ತೀನಿ. ಸಂಜೆ ಆ ಹಳೇ ಫೋಟೋ ಎಲ್ಲ ಸ್ಕ್ಯಾನ್ ಮಾಡಿಸಿದ್ದೀನಲ್ಲ, ಅದನ್ನ ಒಂದೊಂದೇ ಹಾರ್ಡ್‌ಡಿಸ್ಕಿಗೆ ಹಾಕ್ತೀನಿ."

"ಹಾರ್ಡ್‌ಡಿಸ್ಕ್ ಎಲ್ಲಿ ಸಿಕ್ಕಿಸಿದ್ದೀರಿ?"

"ಮುಂದೆ ಎರಡು ನೀಲಿ ತೂತಿದೆಯಲ್ಲ. ಒಂದರಲ್ಲಿ ಮೌಸಿನ ಆ ಪುಟಾಣಿ ಪಿನ್ನು, ಪಕ್ಕದ್ದರಲ್ಲಿ ಇದು."

ನೀಲಿ ಅಂದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಒಳಗೆ ನೀಲಿ ಪ್ಲಾಸ್ಟಿಕ್ ಇರುವ ಪೋರ್ಟು ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಡೇಟಾ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ. ಅಷ್ಟು ವೇಗದಲ್ಲಿ ಕರೆಂಟು ಏರಿಳಿದರೆ ತಂತಿ, ಪಿನ್ನು, ಹಾರ್ಡ್‌ಡಿಸ್ಕಿನ ಡಬ್ಬಿ ಎಲ್ಲದರಿಂದಲೂ ರೇಡಿಯೋ ಗದ್ದಲ ಸೋರುತ್ತದೆ. ಅದು ಒಂದು ಕಡೆ ನಿಲ್ಲದೆ 5 ಗಿಗಾಹರ್ಟ್ಸ್ ತನಕ ಹರಡಿಕೊಳ್ಳುತ್ತದೆ. ನಮ್ಮ ಮೌಸಿನ 2.4 ಸರಿಯಾಗಿ ಅದರ ನಡುಮಧ್ಯೆ.

ಯುಎಸ್‌ಬಿ ಪೋರ್ಟಿಗೂ ವೈರ್‌ಲೆಸ್‌ಗೂ ಏನು ಸಂಬಂಧ ಅಂತ ಅನ್ನಿಸಬಹುದು. ಹಿಂದೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಟಿವಿಯಲ್ಲಿ ಗೆರೆ ಬರುತ್ತಿತ್ತಲ್ಲ? ಮಿಕ್ಸಿಗೆ ಪ್ರಸಾರ ಮಾಡುವ ಉದ್ದೇಶವಿರಲಿಲ್ಲ, ಅದು ಚಟ್ನಿ ರುಬ್ಬುತ್ತಿತ್ತು ಅಷ್ಟೇ. ಗದ್ದಲ ಅದರ ಜೊತೆಗೆ ಬಂದ ಕಸ. ಇಲ್ಲೂ ಹಾಗೇ. ಇದು ಯಾರೋ ಊಹಿಸಿ ಹೇಳಿದ ಮಾತಲ್ಲ. ಯುಎಸ್‌ಬಿ ಹುಟ್ಟುಹಾಕಿದವರಲ್ಲಿ ಒಬ್ಬರಾದ ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ನೋಡಿ ಬರೆದು ಪ್ರಕಟಿಸಿದೆ. ಯುಎಸ್‌ಬಿ 3.0 ಸಾಧನದ ಪಕ್ಕದಲ್ಲಿ ರಿಸೀವರ್ ಇದ್ದರೆ ವೈರ್‌ಲೆಸ್ ಮೌಸ್ ತಡವರಿಸುತ್ತದೆ ಅಂತ ಅದರಲ್ಲೇ ಇದೆ. ಇಷ್ಟು ವರ್ಷವಾದರೂ ಮೌಸಿನ ಡಬ್ಬಿಯ ಮೇಲೆ ಯಾರೂ ಇದನ್ನು ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.

ದೂರದ ಲೆಕ್ಕ ನೋಡಿ. ಮೌಸ್ ಇರುವುದು ರಿಸೀವರಿನಿಂದ ಒಂದು ಮೀಟರ್ ಆಚೆ, ಪಿಸುಗುಡುತ್ತಿದೆ. ಗದ್ದಲ ಇರುವುದು ಎರಡು ಸೆಂಟಿಮೀಟರ್ ಪಕ್ಕದಲ್ಲಿ. ಕಿವಿಗೇ ಹಲಗೆ ಕಟ್ಟಿಕೊಂಡು ಬಾರಿಸುತ್ತಿದ್ದರೆ ರಸ್ತೆಯಾಚೆ ಕರೆದವರ ದನಿ ಕೇಳುತ್ತದೆಯೇ?

"ಹಾರ್ಡ್‌ಡಿಸ್ಕ್ ತೆಗೆದು ನೋಡಿ" ಅಂದೆ. ತಕ್ಷಣ "ಹಾಗೇ ಕೀಳಬೇಡಿ, ಮೊದಲು ಇಜೆಕ್ಟ್ ಕೊಡಿ" ಅಂತಲೂ ಸೇರಿಸಿದೆ, ಇಲ್ಲದಿದ್ದರೆ ಮೌಸ್ ಉಳಿದು ಫೋಟೋ ಹೋಗುತ್ತಿದ್ದವು. ಒಂದು ನಿಮಿಷ ಬರೀ ಕುರ್ಚಿಯ ಸದ್ದು. ಆಮೇಲೆ, "ಅರೆ, ಎಣ್ಣೆ ಹಚ್ಚಿದ ಹಾಗೆ ಓಡ್ತಾ ಇದೆ ಕಣೋ!" ಮತ್ತೆ ಸಿಕ್ಕಿಸಿಸಿದೆ, ಒಂದು ಫೋಟೋ ಕಾಪಿಗೆ ಹಾಕಿಸಿದೆ. ಕುಂಟಿತು. ತೆಗೆಸಿದೆ. ಓಡಿತು. ಮೂರು ಸಲ ಹೀಗೇ ಮಾಡಿಸಿದೆ. ಒಂದು ಸಲ ಆದರೆ ಅದೃಷ್ಟ ಇರಬಹುದು, ಮೂರು ಸಲ ಆದರೆ ಕಾರಣ ಸಿಕ್ಕಿತು ಅಂತಲೇ.

ಪರಿಹಾರ ಮೌಸಿಗಿಂತ ಅಗ್ಗ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್. ಅಂಗಡಿಯಲ್ಲಿ ಮೇಲ್-ಫಿಮೇಲ್ ಅಂತ ಕೇಳಬೇಕು, ಒಂದು ತುದಿ ಕಂಪ್ಯೂಟರಿಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ರಿಸೀವರ್ ಕೂರುತ್ತದೆ. ಮೌಸಿಗೆ ಯುಎಸ್‌ಬಿ 2.0 ಕೇಬಲ್ ಧಾರಾಳ ಸಾಕು, ದುಬಾರಿ 3.0 ಕೊಳ್ಳಬೇಡಿ. ಅಂಗಡಿಯವನು ಫೋನ್ ಚಾರ್ಜ್ ಮಾಡುವ ವೈರ್ ಕೊಟ್ಟರೆ ವಾಪಸ್ ಮಾಡಿ. ರಿಸೀವರನ್ನು ಮೇಜಿನ ಮೇಲೆ, ಮೌಸಿಗೆ ಒಂದು ಅಡಿ ದೂರದಲ್ಲಿ, ಹಾರ್ಡ್‌ಡಿಸ್ಕಿನಿಂದ ಆದಷ್ಟು ಆಚೆ ಇಡಿ. ಗದ್ದಲ ದೂರವಾಯಿತು, ಕರೆಯುವವರು ಹತ್ತಿರ ಬಂದರು. ಒಂದೇ ಕೇಬಲ್ಲಿಗೆ ಎರಡು ಲಾಭ.

ಲ್ಯಾಪ್‌ಟಾಪಿನಲ್ಲಿ ಕೇಬಲ್ ನೇತಾಡುವುದು ಬೇಡ ಅನ್ನಿಸಿದರೆ ರಿಸೀವರ್ ಬಲಗಡೆ, ಹಾರ್ಡ್‌ಡಿಸ್ಕ್ ಎಡಗಡೆ ಸಿಕ್ಕಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕು. ನೀಲಿ ಬಣ್ಣವನ್ನೇ ನಂಬಬೇಡಿ, ಲ್ಯಾಪ್‌ಟಾಪುಗಳಲ್ಲಿ ಕಪ್ಪು ಪೋರ್ಟೂ 3.0 ಇರುತ್ತದೆ. ಈಗ ಎಲ್ಲರೂ ಕೊಳ್ಳುತ್ತಿರುವ, ಒಂದು ಟೈಪ್-ಸಿ ತೂತಿಗೆ ಸಿಕ್ಕಿಸಿ ಐದಾರು ತೂತು ಮಾಡಿಕೊಳ್ಳುವ ಹಬ್ ಇದೆಯಲ್ಲ, ಅದರಲ್ಲಿ ರಿಸೀವರನ್ನೂ ಪೆನ್‌ಡ್ರೈವನ್ನೂ ಅಕ್ಕಪಕ್ಕ ಕೂರಿಸುವುದು ಚಿಕ್ಕಪ್ಪನ ತಪ್ಪಿನ ಹೊಸ ಅವತಾರ.

ಬ್ಲೂಟೂತ್ ಮೌಸಿಗೆ ರಿಸೀವರೇ ಇಲ್ಲ, ಆಂಟೆನಾ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ಅದನ್ನು ಸರಿಸಲು ಆಗದು, ಹಾಗಾಗಿ ಹಾರ್ಡ್‌ಡಿಸ್ಕನ್ನೇ ದೂರ ಸರಿಸಬೇಕು. ವೈಫೈಯನ್ನು ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಬದಲಾಯಿಸಿಕೊಂಡರೆ ಮೌಸಿನ ಪಟ್ಟಿಯಲ್ಲಿ ಸ್ವಲ್ಪ ಜಾಗವಾಗುತ್ತದೆ. ಆಗಾಗ ಸಂಪರ್ಕವೇ ಕಡಿದುಹೋಗುತ್ತಿದ್ದರೆ ಕಂಪ್ಯೂಟರಿನ ಬ್ಲೂಟೂತ್ ಸಾಧನಗಳ ಪಟ್ಟಿಯಿಂದ ಮೌಸನ್ನು ಅಳಿಸಿ ಹೊಸದಾಗಿ ಜೋಡಿಸಿ.

ಇನ್ನೊಂದು ತೀರಾ ಸಾಮಾನ್ಯ ತಪ್ಪು. ಸಿಪಿಯು ಡಬ್ಬಿ ಮೇಜಿನ ಕೆಳಗೆ, ರಿಸೀವರ್ ಅದರ ಬೆನ್ನಿಗೆ, ಬೆನ್ನು ಗೋಡೆಗೆ. ಮೌಸಿನ ರೇಡಿಯೋ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಸಿಪಿಯುವಿನ ತಗಡನ್ನು ದಾಟಲು ಅದಕ್ಕೆ ಆಗದು, ಸುತ್ತಿಬಳಸಿ ಗೋಡೆಗೆ ಬಡಿದು ಬರಬೇಕು. ಮೇಜೂ ಕಬ್ಬಿಣದ್ದಾದರೆ ಕೇಳುವುದೇ ಬೇಡ. ನಮ್ಮ ಮೈಯಲ್ಲಿರುವ ನೀರೂ ಈ ಅಲೆಯನ್ನು ಕುಡಿಯುತ್ತದೆ. ಹಾಗಾಗಿ ಕಾಲು ಮಡಚಿ ಕೂತಾಗ ಒಂದು ಥರ, ಚಾಚಿದಾಗ ಇನ್ನೊಂದು ಥರ ಮೌಸ್ ವರ್ತಿಸಿದರೆ ನಗಬೇಡಿ, ಅದು ನಿಜವೇ ಇರಬಹುದು.

ಎಲ್ಲ ಮಾಡಿದ ಮೇಲೂ ಬಿಟ್ಟುಬಿಟ್ಟು ನಿಲ್ಲುವ ಮೌಸ್ ಇದ್ದರೆ, ಅದರಲ್ಲೂ ಲ್ಯಾಪ್‌ಟಾಪಿನಲ್ಲಿ, ವಿಂಡೋಸ್ ರಿಸೀವರಿಗೇ ಕರೆಂಟು ಕಡಿಯುತ್ತಿರಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೆಳಗಡೆ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂಬ ಸಾಲನ್ನು ಬಿಡಿಸಿದರೆ ಯುಎಸ್‌ಬಿ ರೂಟ್ ಹಬ್ ಎಂಬ ಹೆಸರು ಕಾಣುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್. ಕರೆಂಟು ಉಳಿಸಲು ಇದನ್ನು ಆಫ್ ಮಾಡಬಹುದು ಎಂಬರ್ಥದ ಟಿಕ್ ಇರುತ್ತದೆ, ತೆಗೆದುಬಿಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಮೌಸಿನ ನಿದ್ದೆ ಹೋಗುತ್ತದೆ. ಕೆಲವು ಮೌಸ್‌ಗಳು ತಮ್ಮ ಸೆಲ್ ಉಳಿಸಲು ತಾವೇ ಮಲಗುತ್ತವೆ, ಒಂದು ಸಲ ಒತ್ತಿದರೆ ಏಳುತ್ತವೆ. ಅದು ಕಾಯಿಲೆಯಲ್ಲ, ಅಭ್ಯಾಸ.

ಒಮ್ಮೊಮ್ಮೆ ತಪ್ಪು ಮೌಸಿನದ್ದೇ ಆಗಿರುವುದಿಲ್ಲ, ಕಂಪ್ಯೂಟರೇ ಏದುಸಿರು ಬಿಡುತ್ತಿರುತ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲೂ ಕರ್ಸರ್ ತಡವರಿಸಿದರೆ, ಟೈಪ್ ಮಾಡಿದ ಅಕ್ಷರವೂ ತಡವಾಗಿ ಮೂಡಿದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಡಿಸ್ಕ್ 100 ಪರ್ಸೆಂಟ್ ಅಂತಿದ್ದರೆ ಯಾವ ಮೌಸ್ ತಂದರೂ ಅಷ್ಟೇ. ಈ ಪರೀಕ್ಷೆಗೆಂದೇ ನಾನು ಒಂದು ಹಳೇ ವೈರ್ ಮೌಸನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ಅದನ್ನು ಸಿಕ್ಕಿಸಿದಾಗಲೂ ಕುಂಟಿದರೆ ರೇಡಿಯೋ, ಸೆಲ್ಲು ಎರಡರ ಗೊಡವೆಯೂ ಮುಗಿಯಿತು.

ಡಬಲ್ ಕ್ಲಿಕ್ ಕಾಯಿಲೆಗೆ ಬಂದರೆ, ಎಡ ಬಟನ್ನಿನ ಕೆಳಗೆ ಮೈಕ್ರೋ ಸ್ವಿಚ್ ಅಂತ ಇರುತ್ತದೆ, ಒಳಗೆ ತೆಳ್ಳಗಿನ ತಾಮ್ರದ ತಗಡು. ಲಕ್ಷಾಂತರ ಸಲ ಬಗ್ಗಿ ಬಗ್ಗಿ ಅದರ ಬಿಗಿ ಹೋಗುತ್ತದೆ, ಮುಟ್ಟುವ ಜಾಗಕ್ಕೆ ಕಿಲುಬು ಹಿಡಿಯುತ್ತದೆ. ಒಂದು ಸಲ ಒತ್ತಿದರೆ ಸಂಪರ್ಕ ಹತ್ತಿ, ತಪ್ಪಿ, ಮತ್ತೆ ಹತ್ತುತ್ತದೆ. ಕಂಪ್ಯೂಟರ್ ಅದನ್ನು ಎರಡು ಅಂತ ಎಣಿಸುತ್ತದೆ. ಫೈಲನ್ನು ಎಳೆದುಕೊಂಡು ಹೋಗುವಾಗ ನಡುದಾರಿಯಲ್ಲಿ ಬಿದ್ದುಹೋಗುವುದು ಇದರ ಗುರುತು. ಸೆಟ್ಟಿಂಗ್ಸಿನಲ್ಲಿ ಎಡ ಬಲ ಅದಲು ಬದಲು ಮಾಡಿಕೊಂಡು ಒಂದಿಷ್ಟು ದಿನ ದೂಡಬಹುದು. ಸೋಲ್ಡರಿಂಗ್ ಬರುವವರು ಸ್ವಿಚ್ ಬದಲಿಸಿಕೊಳ್ಳುತ್ತಾರೆ. ನಿಜಕ್ಕೂ ಹೊಸ ಮೌಸ್ ಕೊಳ್ಳಬೇಕಾದ ಸಂದರ್ಭ ಅಂದರೆ ಹೆಚ್ಚುಕಮ್ಮಿ ಇದೊಂದೇ.

ಚಿಕ್ಕಪ್ಪ ಮಾರನೇ ದಿನವೇ ಕೇಬಲ್ ತಂದರು. ರಿಸೀವರನ್ನು ಗಾಜಿನ ಅಂಚಿಗೆ, ಧರ್ಮಸ್ಥಳದ ಫೋಟೋದ ಮೇಲೆ, ಸೆಲ್ಲೋಟೇಪ್ ಹಚ್ಚಿ ಕೂರಿಸಿದ್ದಾರೆ. ಡ್ರಾಯರಿನಲ್ಲಿದ್ದ ಮೊದಲನೇ ಮೌಸಿಗೂ ಆಲ್ಕಲೈನ್ ಸೆಲ್ ಹಾಕಿ, ಅದರ ರಿಸೀವರನ್ನು ಇನ್ನೊಂದು ಕೇಬಲ್ಲಿಗೆ ಸಿಕ್ಕಿಸಿ ನೋಡಿದರಂತೆ. ಅದೂ ಸರಿಯಾಗಿಯೇ ಇದೆ. ಒಂದು ಕಂಪ್ಯೂಟರಿಗೆ ಎರಡು ಮೌಸ್ ಜೋಡಿಸಿದರೆ ಎರಡೂ ಅದೇ ಕರ್ಸರನ್ನು ಎಳೆಯುತ್ತವೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ಈಗ ಸಂಜೆ ಚಿಕ್ಕಪ್ಪ ಫೋಟೋ ಆರಿಸಲು ಕೂತರೆ ಚಿಕ್ಕಮ್ಮ ಪಕ್ಕದ ಕುರ್ಚಿಯಲ್ಲಿ ಎರಡನೇ ಮೌಸ್ ಹಿಡಿದು ಕೂರುತ್ತಾರೆ. ಮೊನ್ನೆ ಫೋನಿನಲ್ಲಿ ಹಿಂದಿನಿಂದ ಅವರ ದನಿ ಕೇಳುತ್ತಿತ್ತು. "ಅದಲ್ಲ ರೀ, ಅದರ ಪಕ್ಕದ್ದು. ಬಿಡಿ, ನಾನೇ ಎಳೀತೀನಿ."